ಜಿಪ್ಸಿಯ ಮುಂದಿನ ಬಲಗಾಲಿ ಸೋರುತ್ತಿದೆ: ಎರಡು ಸಲ ಸೀಲ್ ಹಾಕಿಸಿದರೂ ನಿಲ್ಲದ ಎಣ್ಣೆ

ಕೆಮ್ಮಣ್ಣು · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನನ್ನದು 2007ರ ಜಿಪ್ಸಿ ಕಿಂಗ್, ಮಾರುತಿಯ ಪೆಟ್ರೋಲ್ ಜೀಪು. ನಾನು ಮೂರನೆಯ ಮಾಲೀಕ, ಕೈಗೆ ಬಂದು ನಾಲ್ಕು ವರ್ಷವಾಯಿತು. ವಾರವಿಡೀ ರಾಜಾಜಿನಗರದ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಿಂತಿರುತ್ತದೆ. ಭಾನುವಾರ ಮಾಗಡಿ ಕಡೆಯ ಗೆಳೆಯನ ತೋಟಕ್ಕೆ ಹೋಗಿ ಹಳ್ಳ ಇಳಿದು ದಿಣ್ಣೆ ಹತ್ತಿ ಬರುತ್ತದೆ. ಕಾಡಿಗಾಗಲಿ ಊರವರ ಕೆರೆ ಅಂಗಳಕ್ಕಾಗಲಿ ನುಗ್ಗುವವನು ನಾನಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಚರ್ಚೆ ಅತ್ತ ತಿರುಗುತ್ತದೆ.

ಸಮಸ್ಯೆ ಹೀಗಿದೆ. ಮುಂದಿನ ಬಲಗಾಲಿಯ ಒಳಮೈಯಲ್ಲಿ ಕರಿ ಗಂಜಿಯಂತಹ ಎಣ್ಣೆ ಇಳಿಯುತ್ತದೆ. ರಾತ್ರಿ ನಿಲ್ಲಿಸಿದರೆ ಬೆಳಗ್ಗೆ ನೆಲದ ಮೇಲೆ ಅಂಗೈ ಅಗಲದ ಕಲೆ. ಮೇ ತಿಂಗಳಲ್ಲಿ ಶುರುವಾಯಿತು. ಗ್ಯಾರೇಜಿನವರು ನಕಲ್ ಸೀಲ್ (ಗಾಲಿ ಎಡಬಲ ತಿರುಗುವ ಕೀಲಿನ ಸೀಲ್) ಬದಲಾಯಿಸಿದರು. ಆಗಸ್ಟ್‌ನಲ್ಲಿ ಮತ್ತೆ ಸೋರಿತು, ಮತ್ತೆ ಬದಲಾಯಿಸಿದರು. ಎರಡೂ ಸಲ ಸೇರಿ 7,000 ರೂಪಾಯಿ. ಈಗ ಅಕ್ಟೋಬರ್, ಮತ್ತೆ ಅದೇ ಕಥೆ.

ಮಾರ್ಪಾಡು ಹೆಚ್ಚೇನೂ ಇಲ್ಲ. 215/75 ಟೈರು, ಹಿಂದೆ ಎಳೆಯುವ ಕೊಕ್ಕೆ, ನೀರಿಗಿಳಿಯುವಾಗ ಅನುಕೂಲವಾಗಲೆಂದು ಯುಗಾದಿ ರಜೆಯಲ್ಲಿ ನಾನೇ ಆಕ್ಸಲ್‌ಗಳಿಗೆ ಕೂರಿಸಿದ ಬ್ರೀದರ್ (ಗಾಳಿಯಾಡುವ) ಕೊಳವೆ. ಇಷ್ಟೇ.

ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗಳು ಕಲೆಯ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, "ಇದು ಯಾರ ವಾಹನದ್ದು?" ಎಂದು ಕೇಳಿದ್ದಾರೆ. ಇಡೀ ಕಟ್ಟಡದಲ್ಲಿ ಇರುವುದು ಒಂದೇ ಜಿಪ್ಸಿ. ಈ ಸಲ ನಾನೇ ಬಿಚ್ಚಬೇಕೆಂದಿದ್ದೇನೆ. ಸ್ಪ್ಯಾನರ್ ಸೆಟ್ ಇದೆ, ಜಾಕ್ ಇದೆ, ಧೈರ್ಯ ಅರ್ಧ ಇದೆ. ದಾರಿ ತೋರಿಸಿ.

ಹೊಸ ಸ್ಪ್ಯಾನರ್ · ಭಾನುವಾರ ರಾತ್ರಿ

ಬ್ರೇಕ್ ಆಯಿಲ್ ಇರಬಹುದಲ್ಲವೇ? ನನ್ನ ಕಾರಿಗೆ ಹೀಗೇ ಆಗಿತ್ತು.

ನಿವೃತ್ತ ಹವಾಲ್ದಾರ್ · ಸೋಮವಾರ ಬೆಳಗ್ಗೆ

ಊಹೆ ಬೇಡ, ಮೂಗು ಹಿಡಿದು ನೋಡಿ. ಗೇರ್ ಆಯಿಲ್‌ನಲ್ಲಿ ಗಂಧಕದ ವಾಸನೆ ಇರುತ್ತದೆ, ಒಮ್ಮೆ ಮೂಗಿಗೆ ಬಡಿದರೆ ಮರೆಯುವುದಿಲ್ಲ. ಬ್ರೇಕ್ ಆಯಿಲ್ ನೀರಿನಷ್ಟು ತೆಳು, ಬಣ್ಣದ ಮೇಲೆ ಬಿದ್ದರೆ ಬಣ್ಣವನ್ನು ತಿನ್ನುತ್ತದೆ. ಬಾನೆಟ್ಟಿನ ಕೆಳಗಿನ ಡಬ್ಬಿಯಲ್ಲೂ ಮಟ್ಟ ಇಳಿದಿರಬೇಕು. ಕರಿ ಗಂಜಿ ಎಂದರೆ ನಕಲ್‌ನ ಗ್ರೀಸ್‌ಗೆ ಡಿಫರೆನ್ಶಿಯಲ್‌ನ (ಆಕ್ಸಲ್ ನಡುವಿನ ಗೇರುಗಳ ಗೂಡು) ಎಣ್ಣೆ ಬೆರೆತಿದೆ ಎಂದರ್ಥ.

ಇಲ್ಲಿ ಹೆಚ್ಚಿನವರು ತಪ್ಪುವುದು ಒಂದು ಕಡೆ. ಜಿಪ್ಸಿಯ ಮುಂದಿನ ಆಕ್ಸಲ್‌ನ ಪ್ರತಿ ತುದಿಯಲ್ಲೂ ಎರಡು ಸೀಲ್‌ಗಳಿವೆ. ಹೊರಗೆ ಕಾಣುವ ದೊಡ್ಡ ಬಳೆ ನಕಲ್ ಸೀಲ್. ಗುಂಡನೆಯ ಹೌಸಿಂಗನ್ನು ಒರೆಸುತ್ತ ಹೊರಗಿನ ಕೆಸರನ್ನು ತಡೆಯುವುದು, ಒಳಗಿನ ಗ್ರೀಸನ್ನು ಉಳಿಸುವುದು ಅದರ ಕೆಲಸ. ಡಿಫರೆನ್ಶಿಯಲ್‌ನ ಎಣ್ಣೆಯನ್ನು ತಡೆಯುವುದು ಅದಲ್ಲ. ಆ ಕೆಲಸ ಆಕ್ಸಲ್ ಕೊಳವೆಯ ಒಳಗೆ ಕುಳಿತಿರುವ ಚಿಕ್ಕ ಸೀಲ್‌ನದ್ದು. ಚಿಕ್ಕದು ಸೋತರೆ ಎಣ್ಣೆ ನಕಲ್‌ಗೆ ನುಗ್ಗಿ ಗ್ರೀಸನ್ನು ಕರಗಿಸಿ ದೊಡ್ಡದನ್ನು ದಾಟುತ್ತದೆ. ಗ್ಯಾರೇಜಿನವರು ಚಿಕ್ಕದನ್ನು ಬದಲಾಯಿಸಿದ್ದಾರೆಯೇ ಎಂದು ಕೇಳಿ.

ಕೆಮ್ಮಣ್ಣು · ಸೋಮವಾರ ಸಂಜೆ

ಮೂಸಿ ನೋಡಿದೆ, ಗಂಧಕವೇ. ಗ್ಯಾರೇಜಿಗೆ ಫೋನ್ ಮಾಡಿದೆ. "ಸೀಲ್ ಹಾಕಿದ್ದೇವೆ ಸರ್" ಎಂದರು. ಯಾವ ಸೀಲ್ ಎಂದು ಕೇಳಿದರೆ "ಎಲ್ಲ ಸೀಲ್" ಎಂದರು. ಬಿಲ್ಲಿನಲ್ಲಿ ಇರುವುದು ಒಂದೇ.

ಪೀಣ್ಯ ಲೇತ್ · ಸೋಮವಾರ ರಾತ್ರಿ

ದೊಡ್ಡ ಸೀಲನ್ನು ಟಾರ್ಚ್ ಹಾಕಿ ಸುತ್ತಲೂ ನೋಡಿ. ಎಲ್ಲಾದರೂ ಅಡ್ಡಲಾಗಿ ಕತ್ತರಿಸಿದ ಗೆರೆ ಕಾಣುತ್ತದೆಯೇ? ನಿಯಮದ ಪ್ರಕಾರ ಅದನ್ನು ಹಾಕಲು ಹಬ್ (ಗಾಲಿಯ ಗುಂಬ), ಅದು ಕೂರುವ ಸ್ಪಿಂಡಲ್, ನಕಲ್ ತಿರುಗುವ ಗೂಟವಾದ ಕಿಂಗ್‌ಪಿನ್ ಎಲ್ಲವನ್ನೂ ಬಿಚ್ಚಬೇಕು. ಅರ್ಧ ದಿನದ ಕೆಲಸ. ಕೆಲವರು ಬ್ಲೇಡಿನಿಂದ ಬಳೆಯನ್ನು ಕತ್ತರಿಸಿ ಹಾಗೆಯೇ ಹೌಸಿಂಗ್‌ಗೆ ಸುತ್ತಿ ಬೋಲ್ಟ್ ಬಿಗಿದು ಅರ್ಧ ಗಂಟೆಯಲ್ಲಿ ಕೈ ತೊಳೆದುಕೊಳ್ಳುತ್ತಾರೆ.

ಕೆಮ್ಮಣ್ಣು · ಮಂಗಳವಾರ ಬೆಳಗ್ಗೆ

ಇದೆ. ಗಡಿಯಾರದಲ್ಲಿ ಏಳು ಗಂಟೆಯ ಜಾಗದಲ್ಲಿ ನೇರ ಗೆರೆ. ಇಷ್ಟು ದಿನ ಅದನ್ನು ಕೆಸರಿನ ಗೀರು ಎಂದುಕೊಂಡಿದ್ದೆ.

ಥಾರ್ ಸವಾರ · ಮಂಗಳವಾರ ಬೆಳಗ್ಗೆ

ಇದಕ್ಕೇ ನಾನು ಹೇಳುವುದು, ಹಳೆಯ ಗಾಡಿಗಳ ಸಹವಾಸ ಬೇಡ ಎಂದು. ಆಗಿದ್ದು ಆಯಿತು, ಹೇಗೂ ಬಿಚ್ಚುತ್ತೀರಿ, ಎರಡಿಂಚು ಎತ್ತರಿಸಿ 235/75 ಟೈರ್ ಹಾಕಿಬಿಡಿ. ಮುಂದೆ ಒಂದು ಕಬ್ಬಿಣದ ಬುಲ್ ಬಾರ್. ಆಗ ಅದು ಗಾಡಿಯಂತೆ ಕಾಣುತ್ತದೆ.

ಕಪ್ಪು ಕೋಟು · ಮಂಗಳವಾರ ಮಧ್ಯಾಹ್ನ

ಬುಲ್ ಬಾರ್ ಬೇಡ. 2017ರ ಡಿಸೆಂಬರ್‌ನಲ್ಲೇ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಅದರ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆದಿದೆ. ಪಾದಚಾರಿಗೆ ಬಡಿದರೆ ಮೂಳೆ ಉಳಿಯುವುದಿಲ್ಲ. ಉಳಿದ ಮಾರ್ಪಾಡುಗಳಿಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಬದಲಾಯಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂನಂತೆ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. 2007ರ ಗಾಡಿ ಎಂದರೆ ಹದಿನೈದು ವರ್ಷ ಮುಗಿದು ನೋಂದಣಿ ನವೀಕರಣವಾಗಿರಬೇಕು. ಮುಂದಿನ ಸಲ ಆರ್‌ಟಿಒ ಅಂಗಳದಲ್ಲಿ ಇನ್‌ಸ್ಪೆಕ್ಟರ್ ಎದುರು ನಿಲ್ಲುವವರು ನೀವು, ಸಲಹೆ ಕೊಟ್ಟವರಲ್ಲ.

ಪೀಣ್ಯ ಲೇತ್ · ಮಂಗಳವಾರ ಸಂಜೆ

ಕಾನೂನು ಒಂದು ಕಡೆ ಇರಲಿ, ಲೆಕ್ಕ ನೋಡಿ. ಜಿಪ್ಸಿಯ ಮೂಲ ಟೈರು 205/70 ಆರ್ 15, ವ್ಯಾಸ 668 ಮಿಲಿಮೀಟರ್. 235/75 ಹಾಕಿದರೆ 733. ಸುಮಾರು ಹತ್ತು ಪ್ರತಿಶತ ದೊಡ್ಡದು. ಸ್ಪೀಡೋಮೀಟರ್ 60 ಎನ್ನುವಾಗ ನೀವು 66ರಲ್ಲಿರುತ್ತೀರಿ. ಅದು ಹಾಗಿರಲಿ, 1.3 ಲೀಟರ್ ಎಂಜಿನ್ ಎಲ್ಲ ಗೇರ್‌ಗಳಲ್ಲೂ ಹತ್ತು ಪ್ರತಿಶತ ಹೆಚ್ಚು ಏದುತ್ತದೆ. ಕಿಂಗ್‌ಪಿನ್ ಬೇರಿಂಗ್‌ಗೂ ಅಷ್ಟು ಹೆಚ್ಚು ಭಾರ. ನನ್ನ ಹತ್ತಿರ ಹೌಸಿಂಗ್ ಸರಿಮಾಡಿಸಲು ಬರುವ ಗಾಡಿಗಳಲ್ಲಿ ಹೆಚ್ಚಿನವು ದೊಡ್ಡ ಟೈರಿನವೇ. ನನಗೆ ವ್ಯಾಪಾರ, ದೂರುವುದಿಲ್ಲ.

ಥಾರ್ ಸವಾರ · ಮಂಗಳವಾರ ರಾತ್ರಿ

ಸರಿ ಸರಿ, ಹಿಂದೆಗೆದುಕೊಂಡೆ.

ನಿವೃತ್ತ ಹವಾಲ್ದಾರ್ · ಬುಧವಾರ ಬೆಳಗ್ಗೆ

ಕೆಮ್ಮಣ್ಣು ಅವರೇ, ಬಿಚ್ಚುವ ಮೊದಲು ಮೂರು ಮಾತು.

ಜಾಕ್ ಎತ್ತುವುದಕ್ಕೆ, ಹಿಡಿದುಕೊಳ್ಳುವುದಕ್ಕಲ್ಲ. ಆಕ್ಸಲ್ ಸ್ಟ್ಯಾಂಡ್ ಕೊಳ್ಳಿ. ಸ್ಟ್ಯಾಂಡ್ ಇಲ್ಲವೆಂದು ಹಾಲೋ ಬ್ಲಾಕ್ ಇಡುವವರನ್ನು ಕಂಡಿದ್ದೇನೆ. ಅದು ಮುನ್ಸೂಚನೆ ಕೊಡದೆ ಸೀಳುತ್ತದೆ. ಹಿಂದಿನ ಎರಡೂ ಗಾಲಿಗೆ ಮುಂದೊಂದು ಹಿಂದೊಂದು ಕಲ್ಲು ಇಡಿ.

ಎರಡನೆಯದು, ಡಿಫರೆನ್ಶಿಯಲ್‌ನ ಎಣ್ಣೆ ಬಸಿಯುವ ಮೊದಲು ತುಂಬುವ ಬೋಲ್ಟನ್ನು ಬಿಚ್ಚಿ ನೋಡಿ. ಕೆಳಗಿನದನ್ನು ಬಿಚ್ಚಿ ಎಲ್ಲವನ್ನೂ ಬಸಿದ ಮೇಲೆ ಮೇಲಿನದು ತುಕ್ಕು ಹಿಡಿದು ಅಲ್ಲಾಡದಿದ್ದರೆ ಗಾಡಿ ಅಲ್ಲೇ ಕುಳಿತುಕೊಳ್ಳುತ್ತದೆ.

ಮೂರನೆಯದು, ಕಿಂಗ್‌ಪಿನ್ ಕೆಳಗಿನ ಶಿಮ್‌ಗಳು. ಕಾಗದದಷ್ಟು ತೆಳುವಾದ ತಗಡಿನ ತುಂಡುಗಳು. ಮೇಲಿನವನ್ನು ಒಂದು ಲಕೋಟೆಯಲ್ಲಿ, ಕೆಳಗಿನವನ್ನು ಇನ್ನೊಂದರಲ್ಲಿ ಇಟ್ಟು ಹೆಸರು ಬರೆಯಿರಿ. ಬೇರಿಂಗ್ ಎಷ್ಟು ಬಿಗಿಯಾಗಿ ಕೂರಬೇಕೆಂಬುದನ್ನು ತೀರ್ಮಾನಿಸುವುದು ಅವೇ. ಬಿಗಿ ಕಡಿಮೆಯಾದರೆ 60 ಕಿಲೋಮೀಟರ್ ವೇಗದಲ್ಲಿ ಒಂದು ಗುಂಡಿ ಸಿಕ್ಕಿದರೆ ಸಾಕು, ಸ್ಟೀರಿಂಗ್ ಜ್ವರ ಬಂದವರಂತೆ ನಡುಗಲು ಶುರುವಾಗುತ್ತದೆ. ಜನ ಆಗ ಸ್ಟೀರಿಂಗ್ ಡ್ಯಾಂಪರ್ ಬದಲಾಯಿಸುತ್ತಾರೆ. ಡ್ಯಾಂಪರ್ ನಡುಕವನ್ನು ಮುಚ್ಚುತ್ತದೆ, ವಾಸಿ ಮಾಡುವುದಿಲ್ಲ.

ಹೊಸ ಸ್ಪ್ಯಾನರ್ · ಬುಧವಾರ ಬೆಳಗ್ಗೆ

ಬಿಗಿ ಎಷ್ಟಿದೆ ಎಂದು ಮನೆಯಲ್ಲಿ ಅಳೆಯುವುದು ಹೇಗೆ ಸರ್?

ನಿವೃತ್ತ ಹವಾಲ್ದಾರ್ · ಬುಧವಾರ ಮಧ್ಯಾಹ್ನ

ಮೀನಿನವರು ಹಿಡಿಯುವ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ. ಟೈ ರಾಡ್ (ಎರಡೂ ಗಾಲಿಗಳನ್ನು ಒಟ್ಟಿಗೆ ತಿರುಗಿಸುವ ಸರಳು) ಕಳಚಿ, ದೊಡ್ಡ ಸೀಲ್ ಹಾಕುವ ಮೊದಲು, ನಕಲ್ ತೋಳಿನ ತೂತಿಗೆ ಕೊಕ್ಕೆ ಸಿಕ್ಕಿಸಿ ನಿಧಾನವಾಗಿ ಎಳೆಯಿರಿ. ತೋಳು ಅಲುಗಲು ಶುರುವಾಗುವ ಕ್ಷಣದಲ್ಲಿ ಮುಳ್ಳು ಎಲ್ಲಿದೆ ನೋಡಿ, ವರ್ಕ್‌ಶಾಪ್ ಪುಸ್ತಕದ ಅಂಕಿಗೆ ಹೋಲಿಸಿ. ಕಡಿಮೆಯಿದ್ದರೆ ಒಂದು ಶಿಮ್ ತೆಗೆಯಿರಿ, ಹೆಚ್ಚಿದ್ದರೆ ಸೇರಿಸಿ. ಸೀಲ್ ಹಾಕಿದ ಮೇಲೆ ಅಳೆದರೆ ರಬ್ಬರಿನ ತಿಕ್ಕಾಟವೂ ಸೇರಿ ಸುಳ್ಳು ಲೆಕ್ಕ ಬರುತ್ತದೆ.

ಕೆಮ್ಮಣ್ಣು · ಶನಿವಾರ ರಾತ್ರಿ

ಬಿಚ್ಚಿದೆ. ಬರೆಯುವಾಗಲೂ ಉಗುರಿನ ಸಂದಿಯಲ್ಲಿ ಕಪ್ಪು ಇದೆ, ಕ್ಷಮಿಸಿ.

ಬೆಳಗ್ಗೆ ಜೆ.ಸಿ. ರಸ್ತೆಗೆ ಹೋಗಿ ನಕಲ್ ಕಿಟ್, ಒಳ ಸೀಲ್, ಗ್ರೀಸ್, 80ಡಬ್ಲ್ಯೂ-90 ಜಿಎಲ್-5 ಗೇರ್ ಎಣ್ಣೆ ತಂದೆ. ಅಂಗಡಿಯವರು ಹಳೆಯ ಸೀಲನ್ನು ನೋಡಿ ನಕ್ಕರು, ಏನೂ ಹೇಳಲಿಲ್ಲ. ಹತ್ತು ಗಂಟೆಗೆ ಗಾಲಿ ಬಿಚ್ಚಿದೆ. ಬ್ರೇಕ್ ಕ್ಯಾಲಿಪರನ್ನು ಹೋಸ್‌ನಿಂದ ಜೋತಾಡಲು ಬಿಡದೆ ತಂತಿ ಕಟ್ಟಿ ಸ್ಪ್ರಿಂಗ್‌ಗೆ ನೇತುಹಾಕಿದೆ. ಹಬ್ ಮುಚ್ಚಳ ತೆಗೆದು ಒಳಗಿನ ಸರ್ಕ್ಲಿಪ್‌ಗೆ (ಸ್ಪ್ರಿಂಗ್‌ನಂತಹ ಉಕ್ಕಿನ ಬಳೆ) ಇಕ್ಕಳ ಹಾಕಿದೆ. ಅದು ಟಣ್ ಎಂದು ಹಾರಿ ಎದುರು ಮನೆಯವರ ಕಾರಿನಡಿ ಹೋಗಿ ಕುಳಿತಿತು. ಮೊಬೈಲ್ ಬೆಳಕಿನಲ್ಲಿ ಅಂಗಾತ ಮಲಗಿ ಹುಡುಕುವಾಗ ಕಾರ್ಯದರ್ಶಿಗಳ ಚಪ್ಪಲಿ ಕಾಣಿಸಿತು. ಚಪ್ಪಲಿ ಸ್ವಲ್ಪ ಹೊತ್ತು ನಿಂತು, ಏನೂ ಕೇಳದೆ ಹೋಯಿತು.

ಲಾಕ್ ವಾಷರ್ ಮಡಿಕೆ ಬಿಡಿಸಿ, ನಟ್ ತೆಗೆದು, ಡಿಸ್ಕ್ ಸಮೇತ ಹಬ್ ಹೊರತಂದೆ. ಸ್ಪಿಂಡಲ್ ಅಂಟಿಕೊಂಡಿತ್ತು. ಮರದ ತುಂಡು ಇಟ್ಟು ಸುತ್ತಿಗೆಯಿಂದ ನಾಲ್ಕು ಬಡಿದ ಮೇಲೆ ಸಡಿಲವಾಯಿತು. ಆಕ್ಸಲ್ ಎಳೆದಾಗ ನಕಲ್ ಒಳಗಿಂದ ಲೋಟದಷ್ಟು ಗಂಜಿ ಹರಿಯಿತು. ಗ್ರೀಸ್ ಎಂಬ ಪದಾರ್ಥ ಅಲ್ಲಿ ಉಳಿದೇ ಇರಲಿಲ್ಲ. ಕೆಳಗಿನ ಕಿಂಗ್‌ಪಿನ್ ಬಿಚ್ಚುವಾಗ ಬೇರಿಂಗ್ ತಾನಾಗಿಯೇ ಟ್ರೇಗೆ ಬಿತ್ತು, ಹವಾಲ್ದಾರರ ಲಕೋಟೆ ಬುದ್ಧಿ ಕೈಹಿಡಿಯಿತು.

ಈಗ ವಿಚಿತ್ರ ಕೇಳಿ. ಒಳಗಿನ ಚಿಕ್ಕ ಸೀಲನ್ನು ಕಿತ್ತು ಕೈಯಲ್ಲಿ ಹಿಡಿದು ನೋಡಿದರೆ ಅದು ಅಷ್ಟೇನೂ ಕೆಟ್ಟಿಲ್ಲ. ರಬ್ಬರ್ ತುಟಿ ಮೃದುವಾಗಿದೆ, ಸ್ಪ್ರಿಂಗ್ ಜಾಗದಲ್ಲಿದೆ. ಆಕ್ಸಲ್ ಮೇಲೂ ಗೀರಿಲ್ಲ. ಹೊಸದನ್ನು ಹಾಕಿದ್ದೇನೆ, ಅದು ಬೇರೆ ಮಾತು. ಕೆಡದ ಸೀಲ್ ಅಷ್ಟು ಎಣ್ಣೆಯನ್ನು ಹೇಗೆ ಬಿಟ್ಟಿತು?

ಪೀಣ್ಯ ಲೇತ್ · ಶನಿವಾರ ರಾತ್ರಿ

ಎಣ್ಣೆ ಹೆಚ್ಚು ತುಂಬಿದ್ದರೆ ಹೀಗಾಗುತ್ತದೆ. ನೆಲಮಾಳಿಗೆ ಇಳಿಜಾರಾಗಿದೆಯೇ? ಗಾಡಿ ಓರೆಯಾಗಿ ನಿಂತಾಗ ಮಟ್ಟ ನೋಡಿದರೆ ಲೆಕ್ಕ ತಪ್ಪುತ್ತದೆ.

ಕೆಮ್ಮಣ್ಣು · ಶನಿವಾರ ರಾತ್ರಿ

ಚರಂಡಿ ಕಡೆಗೆ, ಅಂದರೆ ಬಲಕ್ಕೆ, ಸ್ವಲ್ಪ ವಾಲಿದೆ. ಆದರೆ ಬಸಿದ ಎಣ್ಣೆಯನ್ನು ಅಳೆದೆ, ಹೆಚ್ಚಿರಲಿಲ್ಲ, ಕಡಿಮೆಯೇ ಇತ್ತು.

ಫಿಸಿಕ್ಸ್ ಮೇಷ್ಟ್ರು · ಭಾನುವಾರ ಬೆಳಗ್ಗೆ

ಇಡೀ ಚರ್ಚೆಯನ್ನು ಈಗ ಓದಿದೆ. ಸ್ಪ್ಯಾನರ್ ಹಿಡಿಯಲು ಬಾರದವನ ಒಂದು ಪ್ರಶ್ನೆ. ಮೊದಲ ಬರಹದಲ್ಲಿ ಯುಗಾದಿಗೆ ಬ್ರೀದರ್ ಕೊಳವೆ ಕೂರಿಸಿದೆ ಎಂದಿದ್ದೀರಿ. ಸೋರಿಕೆ ಶುರುವಾದದ್ದು ಮೇ ತಿಂಗಳಲ್ಲಿ. ನಡುವೆ ಎಷ್ಟು ದಿನ?

ಆಕ್ಸಲ್ ಒಳಗೆ ಎಣ್ಣೆಯ ಮೇಲೆ ಗಾಳಿ ಇರುತ್ತದೆ. ಗಾಡಿ ಓಡಿದಂತೆ ಗೇರುಗಳು ತಿಕ್ಕಿ ಎಣ್ಣೆ ಬಿಸಿಯಾಗುತ್ತದೆ, ಗಾಳಿಯೂ ಬಿಸಿಯಾಗುತ್ತದೆ. 25 ಡಿಗ್ರಿಯಿಂದ 80 ಡಿಗ್ರಿಗೆ ಏರಿತು ಎನ್ನಿ. ಕೆಲ್ವಿನ್ ಲೆಕ್ಕದಲ್ಲಿ 298ರಿಂದ 353. ಗಾಳಿಗೆ ಹೊರದಾರಿ ಇಲ್ಲದಿದ್ದರೆ ಒತ್ತಡ 18 ಪ್ರತಿಶತ ಏರುತ್ತದೆ, ಹೆಚ್ಚುಕಡಿಮೆ ಎರಡೂವರೆ ಪಿಎಸ್‌ಐ. ಟೈರಿನ ಮುಂದೆ ಅದು ಏನೂ ಅಲ್ಲ. ಒತ್ತಡವೇ ಇಲ್ಲದ ಜಾಗಕ್ಕೆಂದು ಮಾಡಿದ ಸೀಲ್‌ನ ತುಟಿಗೆ ಅದು ಬಹಳ. ಬ್ರೀದರ್ ಇರುವುದೇ ಆ ಗಾಳಿ ಹೊರಹೋಗಲೆಂದು. ನಿಮ್ಮ ಕೊಳವೆಯ ಇನ್ನೊಂದು ತುದಿ ಉಸಿರಾಡುತ್ತಿದೆಯೇ?

ನಿವೃತ್ತ ಹವಾಲ್ದಾರ್ · ಭಾನುವಾರ ಬೆಳಗ್ಗೆ

ಮೇಷ್ಟ್ರೇ, ನಮಸ್ಕಾರ. ಇದು ನನಗೆ ಹೊಳೆಯಬೇಕಿತ್ತು, ನಾಚಿಕೆಯಾಯಿತು. ಒಂದು ಪರೀಕ್ಷೆ ಇದೆ. ಜೋಡಿಸಿದ ಮೇಲೆ ಇಪ್ಪತ್ತು ಕಿಲೋಮೀಟರ್ ಓಡಿಸಿ ಬಂದು, ತುಂಬುವ ಬೋಲ್ಟನ್ನು ಮುಖ ಬದಿಗಿಟ್ಟು ನಿಧಾನವಾಗಿ ಸಡಿಲಿಸಿ. ಬುಸ್ ಎಂದರೆ ಬ್ರೀದರ್ ಮುಚ್ಚಿದೆ.

ಕೆಮ್ಮಣ್ಣು · ಭಾನುವಾರ ರಾತ್ರಿ

ಜೋಡಿಸಿದೆ. ತಕ್ಕಡಿಯನ್ನು ಮಾರುಕಟ್ಟೆಯ ಮೀನಂಗಡಿಯವರಲ್ಲಿ ಕೇಳಿದೆ. "ಎಷ್ಟು ಕೆಜಿ ಬೇಕು?" ಎಂದರು. ಮೀನಲ್ಲ, ತಕ್ಕಡಿ ಎಂದು ಅವರಿಗೆ ಅರ್ಥ ಮಾಡಿಸುವಷ್ಟರಲ್ಲಿ ಸಾಕಾಯಿತು. ಕೊನೆಗೆ ಅರ್ಧ ಕೆಜಿ ಬಂಗುಡೆ ಕೊಂಡಮೇಲೆ ಒಂದು ಗಂಟೆಯ ಸಾಲ ಕೊಟ್ಟರು. ಒಂದು ಶಿಮ್ ತೆಗೆದ ಮೇಲೆ ಮುಳ್ಳು ಪುಸ್ತಕದ ಅಂಕಿಯೊಳಗೆ ಬಂತು.

ಸಂಜೆ ತುಮಕೂರು ರಸ್ತೆಯಲ್ಲಿ ನೆಲಮಂಗಲದವರೆಗೆ ಹೋಗಿ ಬಂದೆ. ಬೋಲ್ಟ್ ಕಾಲು ಸುತ್ತು ಸಡಿಲಿಸಿದೆ. ಬುಸ್ಸೆಂದಿತು. ಕುಕ್ಕರಿನ ಸೀಟಿ ಎತ್ತಿದಂತೆ, ಮೂರು ಸೆಕೆಂಡ್.

ಕೊಳವೆಯನ್ನು ಬೆರಳಿನಿಂದ ಹಿಡಿದು ಆಕ್ಸಲ್‌ನಿಂದ ಬಾನೆಟ್ಟಿನವರೆಗೆ ಸವರುತ್ತ ಹೋದೆ. ಹೇಳಲು ಸಂಕೋಚ. ಅದು ರಬ್ಬರ್ ಹೋಸ್ ಅಲ್ಲ, ಮೀನಿನ ತೊಟ್ಟಿಗೆ ಗಾಳಿ ಬಿಡುವ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ. ಮನೆಯಲ್ಲಿತ್ತು, ಅಳತೆ ಸರಿಹೋಗಿತ್ತು. ಎಕ್ಸಾಸ್ಟ್ ಹತ್ತಿರ ಹಾದುಹೋಗುವ ಜಾಗದಲ್ಲಿ ಬಿಸಿಗೆ ಮೆತ್ತಗಾಗಿ, ನಾನು ಬಿಗಿದಿದ್ದ ಪ್ಲಾಸ್ಟಿಕ್ ಟೈ ಅದರೊಳಗೆ ಇಳಿದುಬಿಟ್ಟಿದೆ. ಅಷ್ಟು ಭಾಗ ಒಣಗಿದ ನುಗ್ಗೆಕಾಯಿಯಂತೆ ಚಪ್ಪಟೆ, ಒಳಗೋಡೆಗಳು ಒಂದಕ್ಕೊಂದು ಅಂಟಿವೆ. ಬಾಯಿಟ್ಟು ಊದಿದೆ, ಕೆನ್ನೆ ಉಬ್ಬಿತೇ ಹೊರತು ಗಾಳಿ ಹೋಗಲಿಲ್ಲ.

ಅಂದರೆ ಗ್ಯಾರೇಜಿನವರು ಕತ್ತರಿಸದೆ ಸರಿಯಾಗಿ ಸೀಲ್ ಹಾಕಿದ್ದರೂ ಸೋರುತ್ತಿತ್ತು. ಐದು ತಿಂಗಳು ಅವರನ್ನು ಬೈದೆ. ಬೈಗುಳದಲ್ಲಿ ಅರ್ಧ ವಾಪಸ್ ತೆಗೆದುಕೊಳ್ಳುತ್ತೇನೆ. ಕತ್ತರಿಸಿದ್ದಕ್ಕೆ ಇನ್ನರ್ಧ ಅವರ ಹತ್ತಿರವೇ ಇರಲಿ.

ಥಾರ್ ಸವಾರ · ಭಾನುವಾರ ರಾತ್ರಿ

ಮೀನಿನಿಂದ ಬಂದ ರೋಗಕ್ಕೆ ಮೀನಂಗಡಿಯ ತಕ್ಕಡಿ. ಹಳೆಯ ಗಾಡಿಗಳ ಬಗ್ಗೆ ನಾನು ಹೇಳಿದ್ದನ್ನೂ ಅರ್ಧ ವಾಪಸ್ ತೆಗೆದುಕೊಂಡೆ.

ಹೊಸ ಸ್ಪ್ಯಾನರ್ · ಸೋಮವಾರ ಬೆಳಗ್ಗೆ

ಹಾಗಾದರೆ ಬ್ರೀದರ್ ಎತ್ತರಿಸುವುದೇ ತಪ್ಪೇ? ಕಂಪನಿಯವರು ಕೊಟ್ಟಂತೆ ಬಿಟ್ಟರೆ ಸಾಲದೇ?

ನಿವೃತ್ತ ಹವಾಲ್ದಾರ್ · ಸೋಮವಾರ ಬೆಳಗ್ಗೆ

ನೀರಿಗಿಳಿಯುವ ಗಾಡಿಗೆ ಎತ್ತರಿಸಲೇಬೇಕು. ಬಿಸಿಯಾದ ಆಕ್ಸಲ್ ತಣ್ಣೀರಿನಲ್ಲಿ ಮುಳುಗಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಸಿಕ್ಕಿದ ಕಡೆಯಿಂದ ಎಳೆದುಕೊಳ್ಳುತ್ತದೆ. ಬ್ರೀದರ್ ನೀರಿನಡಿ ಇದ್ದರೆ ಎಳೆಯುವುದು ನೀರನ್ನೇ. ಮರುವಾರ ಎಣ್ಣೆ ಬಸಿದು ನೋಡಿ, ಹಾಲು ಹೆಚ್ಚಾದ ಕಾಫಿಯ ಬಣ್ಣ ಇರುತ್ತದೆ. ಮುಚ್ಚಿದ ಬ್ರೀದರ್ ಇದ್ದಾಗಲೂ ಅಷ್ಟೇ, ಆಗ ಸೀಲ್ ಮೂಲಕ ನೀರು ಎಳೆಯುತ್ತದೆ. ಕೆಮ್ಮಣ್ಣು ಅವರ ಎಣ್ಣೆ ಯಾವ ಬಣ್ಣವಿತ್ತು?

ಕೆಮ್ಮಣ್ಣು · ಸೋಮವಾರ ಮಧ್ಯಾಹ್ನ

ನೀವು ಕೇಳಬಾರದೆಂದುಕೊಂಡಿದ್ದೆ. ಕಾಫಿಯೇ. ಅದಕ್ಕೇ ಹಿಂದಿನ ಆಕ್ಸಲ್‌ನದನ್ನೂ ಬಸಿದೆ, ಅಲ್ಲಿ ಜೇನಿನಂತೆ ಸ್ವಚ್ಛವಾಗಿತ್ತು. ಹಿಂದಿನ ಕೊಳವೆ ಎಕ್ಸಾಸ್ಟ್‌ನಿಂದ ದೂರ ಇದೆ. ಹೊಸ ಎಣ್ಣೆಯನ್ನು ಇನ್ನೊಮ್ಮೆ ಬದಲಾಯಿಸಬೇಕೇ?

ಪೀಣ್ಯ ಲೇತ್ · ಸೋಮವಾರ ಸಂಜೆ

ನೂರಿನ್ನೂರು ಕಿಲೋಮೀಟರ್ ಓಡಿಸಿ ಬಸಿದುಬಿಡಿ, ಮೂಲೆಗಳಲ್ಲಿ ಉಳಿದ ನೀರೂ ಬರುತ್ತದೆ. ಬಸಿದದ್ದನ್ನು ಡಬ್ಬಿಯಲ್ಲಿ ತುಂಬಿ ಹಳೆ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ. ರಾಜಕಾಲುವೆಗೆ ಸುರಿದು ಬರಬೇಡಿ, ಅಲ್ಲಿಂದ ಅದು ಕೆರೆಗೇ ಹೋಗುತ್ತದೆ. ಬ್ರೇಕ್ ಪ್ಯಾಡಿಗೆ ಎಣ್ಣೆ ತಾಗಿದ್ದರೆ ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವ ಜಾಣತನ ಬೇಡ. ಎರಡೂ ಬದಿಗೆ ಹೊಸ ಪ್ಯಾಡ್ ಹಾಕಿ, ಒಂದೇ ಬದಿಗೆ ಹಾಕಿದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ.

ಕೆಮ್ಮಣ್ಣು · ಮೂರು ವಾರದ ನಂತರ

ವರದಿ. ಗಾಲಿಯ ಕೆಳಗೆ ಹಾಸಿದ್ದ ರಟ್ಟು ಇಪ್ಪತ್ತೊಂದು ದಿನ ಒಣಗಿಯೇ ಇದೆ. ತೋಟದ ಹಳ್ಳಕ್ಕೂ ಎರಡು ಸಲ ಇಳಿಸಿದೆ, ಒಮ್ಮೆ ಹಬ್ ಮುಳುಗುವಷ್ಟು. ಬೋಲ್ಟ್ ಸಡಿಲಿಸಿದರೆ ಸದ್ದಿಲ್ಲ. ನಿನ್ನೆ ಬಸಿದ ಎಣ್ಣೆ ಜೇನಿನ ಬಣ್ಣದ್ದು. ಪ್ಯಾಡ್ ಎರಡೂ ಬದಿಗೆ ಹೊಸದು.

ಕಾರ್ಯದರ್ಶಿಗಳು ಮೊನ್ನೆ ರಟ್ಟನ್ನು ಕಾಲಿನಿಂದ ಸರಿಸಿ ನೆಲ ನೋಡಿ, "ನಮ್ಮ ಸ್ಕೂಟರ್ ಒಂದು ಸ್ವಲ್ಪ ಸ್ಟಾರ್ಟ್ ತೊಂದರೆ ಕೊಡುತ್ತಿದೆ" ಎಂದರು.

ಹೊಸ ಸ್ಪ್ಯಾನರ್ · ಅದೇ ದಿನ

ಈಗ ಹಾಕಿದ ಕೊಳವೆ ಯಾವುದು, ಎಲ್ಲಿಂದ ಎಲ್ಲಿಗೆ ಎಳೆದಿರಿ, ದಯವಿಟ್ಟು ಹೇಳಿ. ನನ್ನದಕ್ಕೂ ಹಾಕಬೇಕು.

ಕೆಮ್ಮಣ್ಣು · ಅದೇ ದಿನ

ಒಳಗೆ ನೂಲಿನ ಹೆಣಿಗೆ ಇರುವ ಡೀಸೆಲ್ ರಬ್ಬರ್ ಹೋಸ್. ಬ್ರೀದರ್ ಮೂತಿಯನ್ನೇ ಬಿಚ್ಚಿಕೊಂಡು ಜೆ.ಸಿ. ರಸ್ತೆಗೆ ಒಯ್ದು ಅಳತೆ ನೋಡಿ ತನ್ನಿ. ಎಕ್ಸಾಸ್ಟ್ ಇಲ್ಲದ ಬದಿಯಿಂದ ಮೇಲಕ್ಕೆ ಒಯ್ದು, ಬಾನೆಟ್ ಒಳಗೆ ಬ್ಯಾಟರಿಗಿಂತ ಎತ್ತರದಲ್ಲಿ ತುದಿಯನ್ನು ಕೊಡೆಯ ಹಿಡಿಯಂತೆ ಕೆಳಕ್ಕೆ ಬಗ್ಗಿಸಿದ್ದೇನೆ. ತುದಿಗೆ ಪೆಟ್ರೋಲ್ ಸ್ಕೂಟರಿನ ಚಿಕ್ಕ ಫಿಲ್ಟರ್. ಆಕ್ಸಲ್ ಮೇಲೆ ಕೆಳಗೆ ಆಡುತ್ತದೆಂದು ಮಧ್ಯದಲ್ಲಿ ಒಂದು ಗೇಣು ಸಡಿಲ ಬಿಡಿ. ಪ್ಲಾಸ್ಟಿಕ್ ಟೈ ಹಾಕಿದರೆ ಹೋಸ್ ಅದರೊಳಗೆ ತಿರುಗುವಷ್ಟು ಸಡಿಲವಾಗಿರಲಿ. ಎಲ್ಲ ಮುಗಿದ ಮೇಲೆ ಒಂದು ತುದಿಗೆ ಬಾಯಿಟ್ಟು ಊದಿ, ಇನ್ನೊಂದು ತುದಿಯಲ್ಲಿ ಬೆರಳಿಡಿ.